ಒಡೆಯುವ ಮುನ್ನ

ನಾವು ಒಡೆದುಹೋದ ಕೂಡು ಕುಟುಂಬದಿಂದ ಬಂದವರು. ಹಾಗಾಗಿ ಬೀಟಲ್ಸ್ ತಂಡದ ಕೊನೆಯ ದಿನಗಳ ಕುರಿತು ಪೀಟರ್ ಜಾಕ್ಸನ್ 2021ರಲ್ಲಿ ಹೊರತಂದ ಸಾಕ್ಷ್ಯಚಿತ್ರ ನೋಡುವಾಗ ಹಾಡಿಗಿಂತ ಜಗಳವನ್ನೇ ಹುಡುಕಿದೆವು.

ಸಿಕ್ಕಿದ್ದು ಬೇರೆಯೇ. 1969ರ ಜನವರಿ. ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋದ ತಣ್ಣನೆಯ ಹಜಾರ. ಬರುತ್ತಾರೆ, ಚಹಾ ಕುಡಿಯುತ್ತಾರೆ, ಪತ್ರಿಕೆ ಓದುತ್ತಾರೆ, ಹಳೆಯ ಹಾಡುಗಳನ್ನು ತಮಾಷೆಗೆ ಹಾಡುತ್ತಾರೆ. ನಾಲ್ವರಲ್ಲಿ ಯಾರಿಗೂ ಮೂವತ್ತು ತುಂಬಿಲ್ಲ. ಮ್ಯಾನೇಜರ್ ಬ್ರಿಯಾನ್ ಎಪ್‌ಸ್ಟೀನ್ 1967ರಲ್ಲೇ ತೀರಿಹೋಗಿದ್ದರು; ಹಿರಿಯರಿಲ್ಲದ ಮನೆ. ಕೆಲಸ ಹೇಳುವ ಹೊಣೆ ಪಾಲ್ ಮೇಲೆ ಬಿತ್ತು. ಎಲ್ಲರಿಗಿಂತ ಕಿರಿಯ ಜಾರ್ಜ್ ತಂದ ಹಾಡುಗಳಿಗೆ ಸರದಿಯೇ ಬರುತ್ತಿರಲಿಲ್ಲ. ಜನವರಿ 10ರಂದು ಅವರು ಎದ್ದು ನಡೆದರು.

ಕೆಲವು ದಿನಗಳ ಬಳಿಕ ಮರಳಿದರು. ಸ್ಯಾವಿಲ್ ರೋದ ನೆಲಮಾಳಿಗೆಯಲ್ಲಿ ಬಿಲ್ಲಿ ಪ್ರೆಸ್ಟನ್ ಕೀಬೋರ್ಡಿಗೆ ಕುಳಿತಾಗ, ಅತಿಥಿ ಬಂದ ಮನೆಯಂತೆ ಎಲ್ಲರ ಮುಖ ಅರಳಿತು. 30ರಂದು ಅದೇ ಕಟ್ಟಡದ ತಾರಸಿಯ ಮೇಲೆ 42 ನಿಮಿಷ ನುಡಿಸಿದರು. ಪೊಲೀಸರು ಬಂದರು. ಮುಂದೆ ಆ ನಾಲ್ವರು ಜನರೆದುರು ಒಟ್ಟಾಗಿ ನುಡಿಸಲೇ ಇಲ್ಲ. ತಂಡದಿಂದ ಪಾಲ್ ಹೊರಬಂದ ಸುದ್ದಿ 1970ರ ಏಪ್ರಿಲಿನಲ್ಲಿ ಜಗತ್ತಿಗೆ ತಿಳಿಯಿತು.

ನಮ್ಮ ಮನೆಯಲ್ಲೂ ಕೊನೆಯ ಊಟ ನಗುವಿನಲ್ಲೇ ಮುಗಿದಿತ್ತು. ಮೊದಲು ಹೊರಟವರು ಚಿಕ್ಕಪ್ಪ. ಮನೆ ಒಡೆದವರು ಅವರೇ ಎಂದು ಇಷ್ಟು ವರ್ಷ ನಂಬಿದ್ದೆವು. ಅವರ ಮಾತಿಗೆ ನಾವು ಎಂದಾದರೂ ಸರದಿ ಕೊಟ್ಟಿದ್ದೆವೇ?

ನಾಳೆ ಅವರಿಗೆ ಫೋನು ಮಾಡಬೇಕು.