ಬಿಟ್ಟದ್ದರ ಬೆಲೆ ಯಾರದು

ಎರಡು ದೋಣಿಯಲ್ಲಿ ಕಾಲಿಡಬೇಡ ಎಂಬ ಬುದ್ಧಿಮಾತು ಆಂಧ್ರದ ಗಡಿಯ ಚಿಲಮತ್ತೂರಿನ ಸೀಮೆಗೆ ಅಷ್ಟಾಗಿ ಒಗ್ಗುವುದಿಲ್ಲ. ದೋಣಿ ತೇಲುವಷ್ಟು ನೀರಾದರೂ ಎಲ್ಲಿದೆ? ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಂಡರೆ ಸಾಕೆನ್ನುವ ನಾಡಿದು; ಚಿತ್ರಾವತಿಯಲ್ಲಿ ಬಹುಕಾಲ ಬರೀ ಮರಳು. ಅದೂ ಅಲ್ಲದೆ ಇಲ್ಲಿ ಬದುಕೇ ಎರಡೆರಡು. ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಬಾಗೇಪಲ್ಲಿ, ಕರ್ನಾಟಕ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ನೆಂಟಸ್ತನ ಗೌರಿಬಿದನೂರಿನ ಕಡೆ, ರೇಷ್ಮೆಗೂಡಿನ ವ್ಯಾಪಾರ ಹಿಂದೂಪುರದಲ್ಲಿ. ಎರಡನ್ನೂ ಹಿಡಿದುಕೊಂಡೇ ನೆಟ್ಟಗೆ ನಿಂತ ಇಂಥ ಜನ ಭಾನುವಾರ ಸಭೆಗೆ ಹೋದರೆ ಪಾಸ್ಟರು ಬಿಡುವುದನ್ನು ಕುರಿತು ಬೋಧಿಸುತ್ತಾರೆ: ಲೋಕದ ಹಂಗು ಬಿಡದೆ ಆತ್ಮಿಕ ಬೆಳವಣಿಗೆ ಇಲ್ಲ, ಇಬ್ಬರು ಯಜಮಾನರಿಗೆ ದುಡಿಯಲಾಗದು. ಮಾತು ನಿಜವೇ. ಆದರೆ ಅದನ್ನು ಆಡುವವರು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಏನನ್ನು ಬಿಡಬೇಕು ಎಂದು ಹೇಳುತ್ತಾರೆ, ಬಿಟ್ಟದ್ದರ ಬೆಲೆ ಯಾರು ತೆರಬೇಕು ಎಂದು ಹೇಳುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಮೊದಲನೆಯದು. ಬಿಡುವವನೇ ಬೆಲೆ ತೆತ್ತರೆ ಆ ಬಿಡುವಿಕೆ ವಿಶ್ವಾಸವನ್ನು ಬೆಳೆಸೀತು. ಪಕ್ಕದವರು ತೆತ್ತರೆ ಅದು ಭಕ್ತಿಯ ವೇಷ ತೊಟ್ಟ ಹೊಣೆಗೇಡಿತನ.

ಸುವಾರ್ತೆಗಳನ್ನು ನಿಧಾನವಾಗಿ ಓದಿದರೆ ಈ ಲೆಕ್ಕ ಅಲ್ಲೇ ಇದೆ. ಯಾಕೋಬ, ಯೋಹಾನರು ತಂದೆ ಜೆಬೆದಾಯನನ್ನು ದೋಣಿಯಲ್ಲೇ ಬಿಟ್ಟು ಹೊರಟರು ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಮುದುಕನ ಜೊತೆ ಕೂಲಿಯಾಳುಗಳಿದ್ದರು ಎಂದು ಮಾರ್ಕನು ಅದೇ ವಾಕ್ಯದಲ್ಲಿ ಬರೆದಿಟ್ಟದ್ದನ್ನು ಯಾರೂ ಎತ್ತುವುದಿಲ್ಲ. ಬಲೆ ಬಿಟ್ಟ ಸೀಮೋನನು ಮನೆ ಬಿಡಲಿಲ್ಲ. ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಯೇಸು ಆ ಮನೆಗೇ ಹೋಗಿ ಎಬ್ಬಿಸಿದ. ಎಷ್ಟೋ ವರ್ಷಗಳ ಮೇಲೆ ಪೌಲನು ಕೊರಿಂಥದವರಿಗೆ ಬರೆದ ಕಾಗದದಲ್ಲಿ ಕೇಫನು, ಅಂದರೆ ಇದೇ ಸೀಮೋನನು, ಹೆಂಡತಿಯನ್ನು ಜೊತೆಗೆ ಕರೆದುಕೊಂಡೇ ಸಂಚರಿಸುತ್ತಿದ್ದ ಸಂಗತಿ ಬರುತ್ತದೆ. ಯೆರಿಕೋವಿನ ಜಕ್ಕಾಯನಿಗೆ ಸುಂಕದ ಕೆಲಸ ಬಿಡು ಎಂಬ ಅಪ್ಪಣೆಯಾದದ್ದು ಎಲ್ಲೂ ಇಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಅವನೇ ಲೆಕ್ಕ ಹಾಕಿದ. ಐಶ್ವರ್ಯವಂತನೊಬ್ಬನಿಗೆ ಮಾತ್ರ ಎಲ್ಲವನ್ನೂ ಮಾರು ಎಂದದ್ದು. ಒಬ್ಬೊಬ್ಬರಿಗೆ ಒಂದೊಂದು ಅಳತೆ, ಆದರೆ ಬೆಲೆ ಹೋದದ್ದು ಬಿಟ್ಟವನ ಗಂಟಿನಿಂದಲೇ.

ಹಾಗಾದರೆ ತಂದೆಯನ್ನು ಹೂಣಿಟ್ಟು ಬರುತ್ತೇನೆ ಎಂದವನಿಗೆ ಯೇಸು, ಸತ್ತವರನ್ನು ಸತ್ತವರೇ ಹೂಣಿಡಲಿ ಎಂಬ ಅಷ್ಟು ಕಠಿಣ ಉತ್ತರ ಕೊಟ್ಟದ್ದೇಕೆ ಎಂದು ಕೇಳಬಹುದು. ಕೇಳಬೇಕಾದದ್ದೇ. ಆ ಮಾತಿನ ಬಿಗುವನ್ನು ಸಡಿಲಿಸಲು ವ್ಯಾಖ್ಯಾನಕಾರರು ಬೇಕಾದಷ್ಟು ಹೆಣಗಿದ್ದಾರೆ; ನಾನು ಹೆಣಗುವುದಿಲ್ಲ, ಅದು ಕಠಿಣವೇ. ಆದರೆ ಅದರ ಪಕ್ಕದಲ್ಲಿ ಕೊರ್ಬಾನ್ ಪ್ರಸಂಗವನ್ನೂ ಇಟ್ಟು ಓದಬೇಕು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಘೋಷಿಸಿ ಕೈತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ತರಾಟೆಗೆ ತೆಗೆದುಕೊಂಡಿದ್ದಾನೆ. ದೇವರ ಹೆಸರು ಹೇಳಿ ಮುದುಕರ ಊಟ ತಪ್ಪಿಸುವುದು ಅವನ ಕಣ್ಣಿಗೆ ತ್ಯಾಗವಾಗಿ ಕಾಣಲಿಲ್ಲ. ತ್ಯಾಗಿಗಳೆಂದರೆ ನಮ್ಮ ನಾಡಿಗೆ ಮೊದಲಿನಿಂದಲೂ ಪ್ರೀತಿ. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನನ್ನು ಬೆಟ್ಟದ ಮೇಲೆ ಕಡೆದು ನಿಲ್ಲಿಸಿದವರು ನಾವು. ಬಿಟ್ಟುಹೋದವನ ಮನೆಯವರು ಆಮೇಲೆ ಏನು ಉಂಡರು ಎಂದು ವಿಚಾರಿಸುವ ಅಭ್ಯಾಸ ಮಾತ್ರ ಕಡಿಮೆ.

ಈಗ ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಬಿಡುವುದು ಇದ್ದವರ ಮಾತು, ಇಲ್ಲದವರು ಏನನ್ನು ಬಿಡಬೇಕು? ಈ ರಾಜ್ಯದ ಕ್ರೈಸ್ತರ ಚರಿತ್ರೆಯೇ ಇದಕ್ಕೆ ಉತ್ತರ, ಮತ್ತು ಆ ಉತ್ತರ ಅಷ್ಟು ಹಿತವಾದುದಲ್ಲ. 1876–78ರ ಬರಗಾಲದ ಬೆನ್ನಿಗೆ ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಅವರ ಮಿಷನ್ನು 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನ ಕೊಟ್ಟಿತು. ಬಂದವರಲ್ಲಿ ಬಹುತೇಕರು ಮಾದಿಗರು. ಅವರಿಗೆ ಮಿಷನ್ನು ವಿಧಿಸಿದ್ದ ನಿಯಮಗಳು ಮೂರು: ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಕ್ಕೆ ಅಡ್ಡಬೀಳಬಾರದು. ಕಾಗದದ ಮೇಲೆ ಸಣ್ಣವು. ಆದರೆ ಊರ ಜಾತ್ರೆಯಲ್ಲಿ ತಪ್ಪಟೆ ಬಾರಿಸುವುದು, ಸತ್ತ ದನ ಹೊರುವುದು, ಕರೆದಾಗ ಬಿಟ್ಟಿಗೆ ಬರುವುದು ಇವುಗಳಿಗೇ ಸುಗ್ಗಿಯ ಕಾಳಿನ ಪಾಲು ಅಂಟಿಕೊಂಡಿತ್ತು. ತಪ್ಪಟೆ ಕೆಳಗಿಟ್ಟವರಿಗೆ ಕಾಳೂ ನಿಂತಿತು, ಊರಿನ ಕೋಪವೂ ಮೈಮೇಲೆ ಬಂತು. ಏನೂ ಇಲ್ಲದವರೆಂದು ಎಣಿಸಿಕೊಂಡವರಿಗೂ ಬಿಡಲು ಇಷ್ಟಿತ್ತು. ಬಿಟ್ಟದ್ದು ಸಂಕೋಲೆಯೂ ಹೌದು, ಅನ್ನವೂ ಹೌದು.

ಆ ಲೆಕ್ಕ ಇನ್ನೂ ಮುಗಿದಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಆಂಧ್ರದಲ್ಲಿ ಅವರಿಗೆ ಹಿಂದುಳಿದವರ ‘ಸಿ’ ಗುಂಪು, ಮೀಸಲು ಶೇಕಡಾ 1. ಹೀಗಾಗಿ ಪ್ರಮಾಣಪತ್ರದಲ್ಲೊಂದು ಹೆಸರು, ಸಭೆಯಲ್ಲೊಂದು ಹೆಸರು ಇಟ್ಟುಕೊಂಡು ಬದುಕುವುದು ದೇಶದ ಉದ್ದಕ್ಕೂ ಎಲ್ಲರೂ ಬಲ್ಲ ಗುಟ್ಟು. ಇದನ್ನು ಇಬ್ಬಗೆಯ ಭಕ್ತಿ ಎಂದು ವೇದಿಕೆಯ ಮೇಲಿಂದ ಗದರುವುದು ಸುಲಭ. ಗದರುವವರ ಮಕ್ಕಳ ಸೀಟು ಆ ಕಾಗದದ ಮೇಲೆ ನಿಂತಿಲ್ಲದಿದ್ದರೆ ಇನ್ನೂ ಸುಲಭ. ಸತ್ಯ ಹೇಳುವುದು ದೊಡ್ಡದೇ, ಒಪ್ಪುತ್ತೇನೆ; ಕಾಗದವನ್ನು ಬಿಟ್ಟುಕೊಟ್ಟು ಬೆಲೆ ತೆತ್ತವರ ಮುಂದೆ ತಲೆಬಾಗುತ್ತೇನೆ. ಆದರೆ ಇನ್ನೊಬ್ಬರ ಹೆಗಲಿಗೆ ಭಾರ ಹೊರಿಸಿ ತಾವು ಬೆರಳೂ ತಾಗಿಸದವರ ಬಗ್ಗೆ ಮತ್ತಾಯನ ಸುವಾರ್ತೆಯಲ್ಲಿ ಇರುವ ಮಾತು ಬೋಧಕರನ್ನು ಉದ್ದೇಶಿಸಿದ್ದು, ಕೂಲಿಯವರನ್ನಲ್ಲ.

ವಿಶ್ವಾಸಕ್ಕೆ ಪೈಪೋಟಿಯಾಗಿ ನಿಲ್ಲುವುದು ಯಾವಾಗಲೂ ಸಂತೆ, ಸಿನಿಮಾ, ಸಾರಾಯಿ ಎಂದುಕೊಳ್ಳುವುದೂ ತಪ್ಪು. ಒಳ್ಳೆಯದೇ ಒಳ್ಳೆಯದಕ್ಕೆ ಅಡ್ಡ ಬರುತ್ತದೆ. ವಿಸೆಂಟ್ ಫೆರರ್ ಅವರನ್ನೇ ನೋಡಿ. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ, ಯೇಸುಸಭೆ ಸೇರಿ, 1952ರಲ್ಲಿ ಭಾರತಕ್ಕೆ ಬಂದವರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ನಡುವೆ ಬಾವಿ, ಬೇಸಾಯ ಎಂದು ಕೆಲಸ ಮಾಡಿದ್ದು ಬಲ್ಲಿದರಿಗೆ ಸಹಿಸದೆ 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷ ಮರಳಿ ಬಂದು ಇದೇ ಒಣಸೀಮೆ ಅನಂತಪುರದಲ್ಲಿ ನೆಲೆನಿಂತರು. 1970ರಲ್ಲಿ ಯೇಸುಸಭೆಯನ್ನು ತೊರೆದು ಆನ್ ಪೆರ್ರಿ ಅವರನ್ನು ಮದುವೆಯಾದರು. ಕಟ್ಟಿದ ಸಂಸ್ಥೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಬತ್ತಲಪಲ್ಲಿಯಲ್ಲೂ ಕಲ್ಯಾಣದುರ್ಗದಲ್ಲೂ ಅದರ ಆಸ್ಪತ್ರೆಗಳಿವೆ. 2009ರಲ್ಲಿ ತೀರಿಕೊಳ್ಳುವವರೆಗೆ ಅವರು ಈ ಸೀಮೆಯನ್ನು ಬಿಡಲಿಲ್ಲ.

ವ್ರತಭಂಗವನ್ನು ಹೊಗಳುತ್ತಿದ್ದೀರಿ ಎಂದು ಕ್ಯಾಥೊಲಿಕ್ ಓದುಗರು ಮುಖ ಗಂಟಿಕ್ಕಬಹುದು. ವ್ರತ ಮುರಿಯುವುದು ಸಣ್ಣದೆಂದು ನಾನು ಹೇಳುತ್ತಿಲ್ಲ. ಮುರಿದವರೆಲ್ಲ ಫೆರರ್ ಆಗುವುದಿಲ್ಲ ಎಂಬುದೂ ಗೊತ್ತಿದೆ. ಆದರೆ ಬೆಲೆಯ ಪ್ರಶ್ನೆಯನ್ನು ಇಲ್ಲಿಗೂ ತಂದು ನೋಡಿ. ಅವರು ಕಳೆದುಕೊಂಡದ್ದು ತಮ್ಮ ಸಂಘ, ತಮ್ಮ ಪಾದ್ರಿತನ, ಸುಮಾರು ಕಾಲು ಶತಮಾನ ತಮ್ಮ ಮನೆಯಾಗಿದ್ದ ಬಳಗ. ಹಳ್ಳಿಯವರ ಗಂಟಿನಿಂದ ಒಂದು ಕಾಸೂ ಹೋಗಲಿಲ್ಲ. ಇದೇ ಅಳತೆಗೋಲು ಹಿಡಿದು ನಮ್ಮ ಸಭೆಗಳೊಳಗೆ ಬಂದರೆ, ಇಡೀ ರಾತ್ರಿಯ ಜಾಗರಣೆ ಪ್ರಾರ್ಥನೆಗೆ ಗಂಡಸರು ಬಿಟ್ಟುಬಂದ ಮನೆಗೆಲಸವನ್ನು ಯಾರು ಮಾಡಿದರು ಎಂದು ಕೇಳಬೇಕಾಗುತ್ತದೆ. ಮೂವತ್ತು ವರ್ಷದಿಂದ ಕಮಿಟಿಯ ಕುರ್ಚಿ ಬಿಡದ ಹಿರಿಯರು ಯುವಕರಿಗೆ ಕ್ರಿಕೆಟ್ ಬಿಡಿ ಎನ್ನುವುದನ್ನೂ ಅದೇ ಕೋಲಿನಿಂದ ಅಳೆಯಬೇಕಾಗುತ್ತದೆ.