ಹತ್ತೊಂಬತ್ತನೇ ಗೇಟಿನ ವರ್ಷ

11 ಸೆಪ್ಟೆಂಬರ್ 2023, ಸೋಮವಾರ
ಬೆಳಿಗ್ಗೆ ಕಂಪ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಹೀಗೇ. ಬೈದುಕೊಳ್ಳುವ ಹಾಗೂ ಇಲ್ಲ. ಆ ಶೂನ್ಯ ಟಿಕೆಟ್ ಇಲ್ಲದಿದ್ದರೆ ಅಪ್ಪ ನನ್ನನ್ನು ಡಿಗ್ರಿಗೆಂದು ಹೊಸಪೇಟೆಗೆ ಕಳಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ಇವತ್ತೂ ಬಾಯಿ ಬಿಡಲಿಲ್ಲ. ಪೇಟೆ ಹುಡುಗಿಯರು ಮೇಡಂಗೆ ಎದುರು ಪ್ರಶ್ನೆ ಹಾಕುತ್ತಾರೆ. ನಾನು ತಲೆ ಬಗ್ಗಿಸಿ ನೋಟ್ಸ್ ಬರೆಯುತ್ತೇನೆ.

20 ಜನವರಿ 2024, ಶನಿವಾರ
ಹಂಪಿಗೆ ಹೋಗಿದ್ದೆವು. ಕಲ್ಲಿನ ರಥದ ಮುಂದೆ ಎಲ್ಲರಿಗೂ ಸೆಲ್ಫಿ ಆಗಲೇಬೇಕು, ಆಯಿತು. ಆಮೇಲೆ ಇತಿಹಾಸದ ಮೇಡಂ ಒಂದು ಕಾಲುವೆ ದಂಡೆಯ ಮೇಲೆ ನಿಲ್ಲಿಸಿದರು: ತುರ್ತು ಕಾಲುವೆ. ವಿಜಯನಗರ ಕಾಲದ್ದು, ಇಂದಿಗೂ ನೀರು ಹರಿಯುತ್ತದೆ. ಆಗಿನ ಕಾಲುವೆಗಳು ಇನ್ನಾವುವು ಎಂದು ಕೇಳಿ ಅವರೇ ಹೆಸರು ಹೇಳತೊಡಗಿದರು. ರಾಯ, ಬಸವಣ್ಣ, ರಾಮಸಾಗರ, ಕಂಪ್ಲಿ...

ಕಂಪ್ಲಿ ಕಾಲುವೆ! ನಮ್ಮ ಭತ್ತದ ಗದ್ದೆಗೆ ಬರುವ ನೀರು. ಎಮ್ಮೆ ಮೈ ತೊಳೆಯುವ ಕಾಲುವೆ ಪರೀಕ್ಷೆಗೆ ಬರುವಂಥದ್ದು ಎಂದು ನನಗೇನು ಗೊತ್ತು? ತಡೆಯಲಾಗದೆ ಮಾತಾಡಿಬಿಟ್ಟೆ: ನೀರಿನ ಪಾಳಿ ಹೇಗೆ ಬರುತ್ತದೆ, ರಾತ್ರಿ ಪಾಳಿ ಬಂದರೆ ಅಪ್ಪ ಬ್ಯಾಟರಿ ಹಿಡಿದು ಹೇಗೆ ಮಡೆ ಕಾಯುತ್ತಾನೆ, ಮೇಲಿನ ಗದ್ದೆಯವರ ಜೊತೆ ಜಗಳ ಎಲ್ಲಿ ಹುಟ್ಟುತ್ತದೆ. ಮೇಡಂ ನನ್ನ ಮಾತನ್ನು ಡೈರಿಯಲ್ಲಿ ಬರೆದುಕೊಂಡರು.

18 ಮೇ 2024, ಶನಿವಾರ
ನಾಲ್ಕು ವರ್ಷದ ಡಿಗ್ರಿ ರದ್ದು, ಹೊಸಬರಿಗೆ ಮೂರೇ ವರ್ಷ, ಬೇರೆ ಸಿಲಬಸ್ಸು. ನಮ್ಮ ಪುಸ್ತಕಗಳನ್ನು ಜೂನಿಯರ್‌ಗಳಿಗೆ ಅರ್ಧ ಬೆಲೆಗೆ ಮಾರುವ ಲೆಕ್ಕಾಚಾರ ಕೆಟ್ಟಿತು.

21 ಜುಲೈ 2024, ಭಾನುವಾರ
ಈಗ ಹಾಸ್ಟೆಲ್. ರೂಮಿನ ಗೆಳತಿ ಸಂಡೂರು ಕಡೆಯ ತಾಂಡಾದವಳು. ನಿನ್ನೆ ಅವರ ಮನೆಗೆ ಹೋಗಿದ್ದೆ. ಬೇಸಿಗೆಯಲ್ಲಿ ಅದಿರಿನ ಕೆಂಪು ಧೂಳು ಹೊತ್ತು ನಿಲ್ಲುವ ಗಿಡಗಳೆಲ್ಲ ಮಳೆಗೆ ತೊಳೆದಂತಾಗಿವೆ. ಅವಳ ಅವ್ವ ಲಂಬಾಣಿ ಕಸೂತಿ ಹಾಕುತ್ತಾಳೆ. ಸಂಡೂರಿನ ಆ ಕಸೂತಿಗೆ ಜಿಐ ಮಾನ್ಯತೆಯಿದೆ. ಕಾಲೇಜಿಗೆ ಸೇರಿದ ಹೊಸದರಲ್ಲಿ ಗೆಳತಿ ತಾಂಡಾದ ಹೆಸರು ಹೇಳದೆ 'ಸಂಡೂರು' ಅಂತಿದ್ದಳಂತೆ. ಈಗ ಅವ್ವ ಹೊಲಿದ ಚೀಲವನ್ನೇ ಕ್ಲಾಸಿಗೆ ತರುತ್ತಾಳೆ.

11 ಆಗಸ್ಟ್ 2024, ಭಾನುವಾರ
ನಿನ್ನೆ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಗಿದೆ. ಹೋದ ವರ್ಷ ಬರ, ಡ್ಯಾಂ ತುಂಬಲೇ ಇಲ್ಲ. ಈ ವರ್ಷ ತುಂಬಿತು ಅನ್ನುವಷ್ಟರಲ್ಲಿ ಹೀಗೆ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದ್ದಾರೆ.

ಬೆಳಿಗ್ಗೆ ಅಪ್ಪನ ಫೋನು. "ನೀರು ಉಳಿತೈತೇನವ್ವಾ? ನೀ ಅಲ್ಲೇ ಅದಿ, ನಿನಗ ಗೊತ್ತಿರ್ತೈತಿ."

ನನಗೆಲ್ಲಿ ಗೊತ್ತು! ಇಷ್ಟು ವರ್ಷ ನೀರಿನ ವಿಷಯ ಅವನು ಹೇಳುವುದು, ನಾನು ಕೇಳುವುದು. ಇವತ್ತು ಪೇಪರು, ಟಿವಿ, ಮೇಡಂ, ಯಾರನ್ನೂ ಬಿಡದೆ ವಿಚಾರಿಸಿ ಸಂಜೆ ಫೋನ್ ಮಾಡಿದೆ. ಮೊದಲ ಬೆಳೆಗೆ ಭಯವಿಲ್ಲ ಅಂತಾರೆ, ಎರಡನೆಯದಕ್ಕೆ ಈಗಲೇ ಮಾತು ಕೊಡಲಾಗದು ಅಂದೆ. ಸುಮ್ಮನೆ ಧೈರ್ಯ ಹೇಳಬಹುದಿತ್ತು. ಹೇಳಲಿಲ್ಲ.

17 ಆಗಸ್ಟ್ 2024, ಶನಿವಾರ
ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಉಕ್ಕಿನ ತಡೆ ಇಳಿಸಿ ಮುಗಿಸಿತು. ಸ್ಟಾಪ್‌ಲಾಗ್ ಅಂದರೇನು ಎಂದು ಅಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ: ಒಂದರ ಮೇಲೊಂದು ಉಕ್ಕಿನ ಹಲಗೆ ಕೂರಿಸುವುದು. ಆ ಕಡೆ ಸ್ಪೀಕರ್ ಹಾಕಿದ್ದ. ಕಟ್ಟೆಯ ಮೇಲಿನ ಮಂದಿಯೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಬ್ಬರು "ಇನ್ನೊಮ್ಮೆ ಹೇಳವ್ವ" ಅಂದರು.

2 ಅಕ್ಟೋಬರ್ 2024, ಬುಧವಾರ
ಊರಿಗೆ ಬಂದಿದ್ದೇನೆ. ಡ್ಯಾಂ ಮತ್ತೆ ತುಂಬಿದೆ. ಅವ್ವ ಊಟಕ್ಕೆ ಬಡಿಸುತ್ತ ಯಾರೋ ವರನ ಮಾತೆತ್ತಿದಳು. ಅಪ್ಪ, "ಅಕಿ ಓದ್ಲಿ ಬಿಡು. ಕಾಲುವಿ ಕಾಗದ ಓದಾಕ ಮನ್ಯಾಗ ಯಾರದಾರ?" ಅಂದ. ಇದು ಹೊಗಳಿಕೆಯೋ, ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಉಪಾಯವೋ! ಗೆಳತಿ ಮತ್ತು ನಾನು ಡಿಗ್ರಿ ಆದಮೇಲೆ ನಂದಿಹಳ್ಳಿಯ ಪಿಜಿ ಸೆಂಟರಿನಲ್ಲಿ ವಿಚಾರಿಸೋಣ ಅಂದುಕೊಂಡಿರುವುದನ್ನು ಅವನಿಗಿನ್ನೂ ಹೇಳಿಲ್ಲ. ನಾಳೆ ಗದ್ದೆಗೆ ಬುತ್ತಿ ಒಯ್ಯುವಾಗ ಹೇಳುತ್ತೇನೆ, ಅವ್ವ ಜೊತೆಗಿರುವುದಿಲ್ಲ.