ಪರದೇಶದ ಪಂಕ್ತಿ

ಹೋಟೆಲಿನ ಊಟವೆಂದರೆ ನಮ್ಮ ತಂದೆಯವರಿಗೆ ಮೈಲಿಗೆಯೆಂದೇ ಲೆಕ್ಕ. ಪ್ರಯಾಣದಲ್ಲಿ ಅವರು ಅವಲಕ್ಕಿಯ ಗಂಟನ್ನು ಬಿಚ್ಚುತ್ತಿದ್ದರೇ ಹೊರತು ಅನ್ಯರ ಪಂಕ್ತಿಯಲ್ಲಿ ಕುಳಿತವರಲ್ಲ. ನಾವು ಅಷ್ಟು ನಿಷ್ಠಾವಂತರಲ್ಲದಿದ್ದರೂ, ಮಲೆನಾಡಿನ ಒಂದು ಊರಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತಿದ್ದ ಮೂವತ್ತೆರಡು ವರ್ಷವೂ ಮಧ್ಯಾಹ್ನದ ಬುತ್ತಿಯನ್ನು ಮನೆಯಿಂದಲೇ ಒಯ್ದವರು. ಇಂತಹ ನಾವು ನಿವೃತ್ತರಾದ ಮೇಲೆ ಐದು ತಿಂಗಳ ಕಾಲ, ಶನಿವಾರ ಬಂದಿತೆಂದರೆ ಚೀನೀಯರ, ಕೊರಿಯದವರ, ಟಿಬೆಟ್ಟಿನವರ ಭೋಜನಶಾಲೆಗಳನ್ನು ಹೊಕ್ಕೆವೆಂದರೆ ವಾಚಕರು ನಂಬುವುದು ಕಷ್ಟ. ನಡೆದುದನ್ನು ನಡೆದಂತೆಯೇ ಬರೆಯುತ್ತೇವೆ.

ಸಹಧರ್ಮಿಣಿಯು ತೀರಿಕೊಂಡ ಬಳಿಕ ನಾವು ಒಂಟಿಯಾಗಿರುವುದನ್ನು ಸಹಿಸಲಾರದೆ ಮಗಳು ನಮ್ಮನ್ನು ನ್ಯೂಯಾರ್ಕ್ ನಗರಕ್ಕೆ ಕರೆಸಿಕೊಂಡಳು. ಅವಳ ಮನೆಯಿರುವುದು ಆ ನಗರದ ಕ್ವೀನ್ಸ್ ಭಾಗದಲ್ಲಿ, ಫ್ಲಷಿಂಗ್ ಎಂಬ ಕೇರಿಯಲ್ಲಿ. ಏಳನೆಯ ಸಂಖ್ಯೆಯ ರೈಲು ಮನೆಗಳ ಮಾಳಿಗೆಯ ಎತ್ತರದಲ್ಲಿ ಗಡಗಡನೆ ಓಡುತ್ತ ಬಂದು, ಕೊನೆಗೆ ನೆಲದೊಳಕ್ಕೆ ಇಳಿದು ಇಲ್ಲಿ ನಿಲ್ಲುತ್ತದೆ. 1928ರಿಂದಲೂ ಇದೇ ಅದರ ಕೊನೆಯ ನಿಲ್ದಾಣ. ಮೆಟ್ಟಿಲು ಹತ್ತಿ ಬೀದಿಗೆ ಬಂದೊಡನೆ ಅಮೆರಿಕವು ಮಾಯವಾಗುತ್ತದೆ. ಎಲ್ಲಿ ನೋಡಿದರೂ ಚೀನೀ ಲಿಪಿಯ ಫಲಕಗಳು, ಕಾಲುದಾರಿಯ ತುಂಬ ತರಕಾರಿಯ ಬುಟ್ಟಿಗಳು, ಆವಿಯೆದ್ದ ಕಿಟಕಿಗಳ ಹಿಂದೆ ಹಿಟ್ಟು ನಾದುವ ಕೈಗಳು. ಜೀವಮಾನವೆಲ್ಲ ಅಕ್ಷರಾಭ್ಯಾಸ ಮಾಡಿಸಿದ ನಾವು ಅಲ್ಲಿ ನಿರಕ್ಷರಕುಕ್ಷಿಗಳಾಗಿ, ಒಂಬತ್ತು ವರ್ಷದ ಮೊಮ್ಮಗನ ಬೆರಳು ಹಿಡಿದು ನಡೆದೆವು. ಅವನ ಗೆಳೆಯರಲ್ಲಿ ಚೀನೀ ಬಾಲಕರು ಬಹಳವಾದ್ದರಿಂದ ಹತ್ತಾರು ಅಕ್ಷರಗಳನ್ನು ಅವನು ಬಲ್ಲ.

ಮಗಳೂ ಅಳಿಯಂದಿರೂ ವಾರವೆಲ್ಲ ದುಡಿಯುವವರು. ಶನಿವಾರ ಒಲೆಗೆ ರಜ. ಮೊದಲ ಶನಿವಾರ ಅವರು ನಮ್ಮನ್ನು ಬೌನ್ ಬೀದಿಯ ಗಣಪತಿ ದೇವಾಲಯಕ್ಕೆ ಕರೆದೊಯ್ದರು. 1977ರಲ್ಲಿ ಪ್ರತಿಷ್ಠೆಯಾದ ಈ ದೇವಾಲಯದ ನೆಲಮಾಳಿಗೆಯಲ್ಲಿ ಒಂದು ಉಪಾಹಾರಗೃಹವಿದೆ. ದೋಸೆ, ಇಡ್ಲಿ, ಕಾಫಿ ಎಲ್ಲವೂ ಊರಿನಂತೆಯೇ. ಅದೇ ಬೀದಿಯ ಇನ್ನೊಂದು ಕೊನೆಯಲ್ಲಿ ಜಾನ್ ಬೌನ್ ಎಂಬಾತನು 1661ರಲ್ಲಿ ಕಟ್ಟಿದ ಮರದ ಮನೆ ಇಂದಿಗೂ ನಿಂತಿದೆ. ತನ್ನ ಮನೆಯಲ್ಲಿ ಕ್ವೇಕರ್ ಮತದವರ ಪ್ರಾರ್ಥನೆಗೆ ಎಡೆಗೊಟ್ಟನೆಂದು ಡಚ್ಚರ ಅಧಿಕಾರಿಯು 1662ರಲ್ಲಿ ಅವನನ್ನು ಸೆರೆಹಿಡಿಸಿ ದೇಶದಿಂದಾಚೆಗೆ ಅಟ್ಟಿದನು. ಮೇಲಿನವರು ಬೌನನ ಪಕ್ಷವನ್ನೇ ವಹಿಸಿದುದರಿಂದ ಅವನು ಹಿಂದಿರುಗಿದನು. ಅವನ ಹೆಸರಿನ ಬೀದಿಯಲ್ಲಿ ವಿನಾಯಕನು ನೆಲಸಿರುವುದು ನಮಗೆ ಬಹಳ ಉಚಿತವಾಗಿ ಕಂಡಿತು.

ದೋಸೆಯನ್ನು ಮುರಿಯುತ್ತ ಮೊಮ್ಮಗನು, “ತಾತ, ಇಲ್ಲಿ ಯಾರೂ ಮೂಗು ಮುಚ್ಚಿಕೊಳ್ಳೋದಿಲ್ಲ,” ಎಂದನು. ನಮಗೆ ಅರ್ಥವಾಗಲಿಲ್ಲ. ಮಗಳು ಆಮೇಲೆ ಹೇಳಿದಳು: ಹಿಂದಿನ ವರ್ಷ ಬೇರೊಂದು ಶಾಲೆಯಲ್ಲಿದ್ದಾಗ ಅವನು ಪುಳಿಯೋಗರೆಯ ಡಬ್ಬಿಯನ್ನು ತೆರೆದನಂತೆ. ಇಂಗಿನ ವಾಸನೆಗೆ ಪಕ್ಕದ ಮಕ್ಕಳು ಮೂಗು ಹಿಡಿದು ಎದ್ದು ಹೋದರಂತೆ. ಅಂದಿನಿಂದ ಅವನಿಗೆ ಬುತ್ತಿಯೆಂದರೆ ಬ್ರೆಡ್ಡೇ. ನಾವು ಕಾಫಿಯ ಲೋಟವನ್ನು ಕೆಳಗಿಟ್ಟೆವು. ಆ ಹೊತ್ತಿಗೆ ನಮಗುಂಟಾದುದು ಶುದ್ಧವಾದ ಕೋಪ. ಬೇರೆ ಯಾವ ನೆನಪೂ ಬರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡತಕ್ಕದ್ದು.

ಎರಡನೆಯ ವಾರ ಚೀನೀ ಬೌದ್ಧರ ಸಸ್ಯಾಹಾರದ ಶಾಲೆಗೆ ಹೋದೆವು. ನೀರುಳ್ಳಿ ಬೆಳ್ಳುಳ್ಳಿಗಳು ಅಲ್ಲಿ ಸಂಪೂರ್ಣ ವರ್ಜ್ಯವೆಂದು ತಿಳಿದು ಬೆರಗಾದೆವು. ಆಲೋಚಿಸಿದರೆ ಬೆರಗಿಗೆ ಕಾರಣವಿಲ್ಲ. ಸಂಸ್ಕೃತದ ಲಂಕಾವತಾರಸೂತ್ರದಲ್ಲಿ ಮಾಂಸದೊಡನೆ ಇವೆರಡಕ್ಕೂ ನಿಷೇಧವುಂಟು. ಮಧ್ಯದೇಶದ ಗುಣಭದ್ರನು 443ರಲ್ಲಿ ಅದನ್ನು ಚೀನೀ ಭಾಷೆಗೆ ತಿರುಗಿಸಿದನು. ನಮ್ಮ ಮನೆಯ ಶ್ರಾದ್ಧದ ಅಡಿಗೆಯ ನಿಯಮವು ಇಷ್ಟು ದೂರದಲ್ಲಿ, ಇಷ್ಟು ಬೇರೆ ಮುಖದವರ ಅಡಿಗೆಮನೆಯಲ್ಲಿ ಬಾಳುತ್ತಿರುವುದನ್ನು ಕಂಡು, ಹಾಸ್ಟೆಲಿನ ದಿನಗಳಲ್ಲಿಯೇ ಬೆಳ್ಳುಳ್ಳಿಗೆ ಸೋತಿದ್ದ ನಮಗೆ ಸ್ವಲ್ಪ ನಾಚಿಕೆಯೇ ಆಯಿತು. ಆದರೆ ಇನ್ನೊಂದು ವಿನೋದವುಂಟು. ಮನುವು ಐದನೆಯ ಅಧ್ಯಾಯದಲ್ಲಿ ಬೆಳ್ಳುಳ್ಳಿಯೊಡನೆ ಅಣಬೆಯನ್ನೂ ಸೇರಿಸಿಯೇ ನಿಷೇಧಿಸಿದ್ದಾನೆ. ಈ ಬೌದ್ಧರ ಮೇಜಿನ ಮೇಲೆ ಬಂದ ಆರು ತಟ್ಟೆಗಳಲ್ಲಿ ನಾಲ್ಕು ಅಣಬೆಯವೇ! ನಾವು ಮನುವಿನ ಕ್ಷಮೆ ಕೇಳಿ ಎರಡು ಸಲ ಬಡಿಸಿಕೊಂಡೆವು. ಗೋಧಿಯ ಅಂಟಿನಿಂದಲೂ ಸೋಯಾದಿಂದಲೂ ಬಾತುಕೋಳಿಯ ಆಕಾರಕ್ಕೆ ಮಾಡಿದ ಒಂದು ಭಕ್ಷ್ಯವೂ ಬಂದಿತು. ಅದನ್ನು ಮಾತ್ರ ಮುಟ್ಟಲಾಗಲಿಲ್ಲ. ಬಿಟ್ಟ ಮೇಲೆ ಅದರ ರೂಪವನ್ನಾದರೂ ಏಕೆ ಅಪ್ಪಿಕೊಳ್ಳಬೇಕೆಂಬುದು ನಮಗೆ ಇಂದಿಗೂ ತಿಳಿದಿಲ್ಲ.

ಜಾಕ್ಸನ್ ಹೈಟ್ಸ್ ಎಂಬಲ್ಲಿ ಟಿಬೆಟ್ಟಿನವರ ಮೊಮೊ ತಿಂದೆವು. ಆಲೂಗೆಡ್ಡೆಯ ಹೂರಣವಿಟ್ಟು ಹಬೆಯಲ್ಲಿ ಬೇಯಿಸಿದ ಕಡುಬೆಂದುಕೊಂಡರೆ ಸಾಕು, ಖಾರವು ನಮ್ಮ ಉತ್ತರದ ಜಿಲ್ಲೆಗಳವರೂ ಮೆಚ್ಚುವಂಥದು. ಲಾಂಜೋ ಪಟ್ಟಣದ ರೀತಿಯ ಶಾವಿಗೆಯನ್ನು ನೋಡಿದೆವೇ ಹೊರತು ತಿನ್ನಲಿಲ್ಲ, ಅದರ ಸಾರು ಗೋಮಾಂಸದ್ದು. ಆದರೆ ಮಾಡುವವನ ಕೈಚಳಕವನ್ನು ಅರ್ಧ ಗಂಟೆ ನಿಂತು ನೋಡಿದೆವು. ಹಿಟ್ಟಿನ ಒಂದು ಹಗ್ಗವನ್ನು ಎಳೆದು ಮಡಿಸುತ್ತಾನೆ, ಎರಡಾಗುತ್ತದೆ. ಮತ್ತೆ ಎಳೆದರೆ ನಾಲ್ಕು, ಎಂಟು. ಏಳನೆಯ ಸಲಕ್ಕೆ 128 ಎಳೆಗಳು. ಗುಣೋತ್ತರ ಶ್ರೇಢಿಯನ್ನು ಮೊಮ್ಮಗನಿಗೆ ಅಲ್ಲಿಯೇ ಹೇಳಿಕೊಟ್ಟೆವು.

ಹೇಳಲೇಬೇಕಾದುದು ಕೊರಿಯದವರ ಭೋಜನಶಾಲೆಯಲ್ಲಿ ನಡೆದುದು. ಅಲ್ಲಿ ಊಟಕ್ಕೆ ಮುನ್ನವೇ ಎಂಟು ಹತ್ತು ಪುಟ್ಟ ಬಟ್ಟಲುಗಳು ಕೇಳದೆಯೇ ಬರುತ್ತವೆ, ಎಲೆಯ ತುದಿಗೆ ಕೋಸಂಬರಿ ಪಲ್ಯಗಳು ಬರುವಂತೆ. ಮುಗಿದರೆ ಮತ್ತೆ ತುಂಬುತ್ತಾರೆ. ಕಿಮ್ಚಿಯೆಂಬ ಎಲೆಕೋಸಿನ ಉಪ್ಪಿನಕಾಯಿ ನಮಗೆ ಬಹಳ ಹಿಡಿಸಿತು. ಎರಡು ಬಟ್ಟಲು ಮುಗಿಸಿದ ಮೇಲೆ ಅಳಿಯಂದಿರು ಫಕ್ಕನೆ ನೆನಪಾಗಿ ವಿಚಾರಿಸಿದರು. ಅದರಲ್ಲಿ ಉಪ್ಪಿನಲ್ಲಿ ಕಳಿತ ಸಿಗಡಿಮೀನು ಸೇರಿತ್ತು.

ನಾವು ಎದ್ದೆವು. ಕುರ್ಚಿ ಬಿದ್ದಿತು. ನೀರಿನ ಕೋಣೆಗೆ ಹೋಗಿ ಬಾಯಿ ಮುಕ್ಕಳಿಸಿ, ಉತ್ತರೀಯದಿಂದ ಮೂಗನ್ನು ಒತ್ತಿ ಹಿಡಿದು ಹಿಂದಿರುಗಿದೆವು. ಮೊಮ್ಮಗನು ನಮ್ಮ ಕೈಯನ್ನೇ ನೋಡುತ್ತಿದ್ದನು. ಬಟ್ಟಲುಗಳನ್ನು ತಂದಿಟ್ಟಿದ್ದ ವೃದ್ಧೆಯ ಕಡೆಗೊಮ್ಮೆ ತಿರುಗಿ, ತಲೆ ತಗ್ಗಿಸಿದನು.

ಆ ತಗ್ಗಿಸಿದ ತಲೆಯನ್ನು ನಾವು ಹಿಂದೆ ನೋಡಿದ್ದೆವು. 1996ರ ಮಳೆಗಾಲ. ಶಾಲೆಗಳಲ್ಲಿ ಬಿಸಿಯೂಟವಿಲ್ಲದ ಕಾಲ. ಎಂಟನೆಯ ತರಗತಿಯ ಒಬ್ಬ ಹುಡುಗನು ಡಬ್ಬಿಯನ್ನು ತೆರೆದೊಡನೆ ಒಣಮೀನಿನ ವಾಸನೆ ಕೊಠಡಿಯನ್ನು ತುಂಬಿತು. ನಾವು ಹೀಗೆಯೇ ಮೂಗಿಗೆ ಬಟ್ಟೆ ಹಿಡಿದು, “ಇನ್ನು ಮೇಲೆ ಹೊರಗೆ, ಹುಣಸೇಮರದ ಕೆಳಗೆ ಕೂತು ತಿನ್ನು,” ಎಂದೆವು. ಮಕ್ಕಳು ನಕ್ಕರು. ಅವನು ಕೆಲವು ದಿನ ಮರದ ಕೆಳಗೆ ಕುಳಿತನು; ಆಮೇಲೆ ಡಬ್ಬಿಯನ್ನೇ ತರಲಿಲ್ಲ. ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಿದ್ದನೆಂದು ಎರಡು ಸಲ ಬೈದದ್ದೂ ನೆನಪಿದೆ. ಅದು ಹಸಿವೆಂದು ಹೊಳೆಯಲು ನಮಗೆ ಇಷ್ಟು ವರ್ಷವೂ ಇಷ್ಟು ಸಾವಿರ ಮೈಲಿಯೂ ಬೇಕಾದವು.

ಆ ವೃದ್ಧೆಯು ತಾನೇ ಬಂದು ಬಿದ್ದ ಕುರ್ಚಿಯನ್ನೆತ್ತಿ, ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ಬಟ್ಟಲುಗಳನ್ನು ಒಯ್ದು, ಬರಿಯ ಉಪ್ಪುನೀರಿನಲ್ಲಿ ಹಾಕಿದ ಮೂಲಂಗಿಯನ್ನೂ ಬಿಳಿಯ ಅನ್ನವನ್ನೂ ತಂದಿಟ್ಟಳು. ಕೇಳದೆಯೇ ತಿಂದವರು ನಾವು, ತಪ್ಪು ಅವಳದಲ್ಲ. ಉತ್ತರೀಯವನ್ನು ಹೆಗಲಿಗೆ ಹಾಕಿಕೊಂಡು ಕುಳಿತು, ಮೂಲಂಗಿಯನ್ನೂ ಅನ್ನವನ್ನೂ ಕೊನೆಯವರೆಗೂ ಉಂಡೆವು. ಪಕ್ಕದ ಮೇಜಿನವರು ಮೀನನ್ನೇ ಸುಡುತ್ತಿದ್ದರು. ವಾಸನೆ ಬರಲಿಲ್ಲವೆಂದರೆ ಸುಳ್ಳಾದೀತು.

ಊರಿಗೆ ಬಂದ ಮೇಲೆ ಸಹೋದ್ಯೋಗಿಯೊಬ್ಬರ ಮೂಲಕ ಆ ಹುಡುಗನ ದೂರವಾಣಿಯ ಸಂಖ್ಯೆಯನ್ನು ಪಡೆದೆವು. ಅವನಿಗೀಗ ನಲವತ್ತು ದಾಟಿದೆ, ಎರಡು ಮಕ್ಕಳು. ಮಾತನಾಡುವ ಧೈರ್ಯ ಸಾಲದೆ ಬರೆದು ಕಳುಹಿಸಿದೆವು. ಮೂರು ದಿನದ ಮೇಲೆ ಉತ್ತರ ಬಂದಿತು. “ಸಾರ್, ಆ ಮರದ ನೆರಳು ಚೆನ್ನಾಗಿತ್ತು. ಊಟ ತರೋದು ಬಿಟ್ಟಿದ್ದು ಮನೇಲಿ ಇಲ್ಲದ್ದಕ್ಕೂ ಇರಬಹುದು, ಈಗ ನೆನಪಿಲ್ಲ. ಮಗಳಿಗೆ ಸಂಸ್ಕೃತ ಕಷ್ಟವಾಗ್ತಿದೆ, ಬಿಡುವಿದ್ದರೆ ಹೇಳಿಕೊಡ್ತೀರಾ?” ನಿಜವಾಗಿಯೂ ನೆನಪಿಲ್ಲವೋ, ನಮ್ಮ ಮುಖ ಉಳಿಸಲು ಹಾಗೆ ಬರೆದನೋ, ಹಲವು ಸಲ ಓದಿದರೂ ನಿರ್ಣಯವಾಗಲಿಲ್ಲ. ಆ ಹುಡುಗಿ ಈಗ ಭಾನುವಾರಗಳಂದು ನಮ್ಮ ಮನೆಗೆ ಬರುತ್ತಾಳೆ. ಶಬ್ದಗಳಲ್ಲಿ ನದೀಶಬ್ದದವರೆಗೆ ಬಂದಿದ್ದಾಳೆ. ಮಧ್ಯಾಹ್ನಕ್ಕೆ ಡಬ್ಬಿ ತರುತ್ತಾಳೆ; ನಮ್ಮ ಜಗುಲಿಯ ಮೇಲೆ ನಮ್ಮ ಪಕ್ಕದಲ್ಲಿಯೇ ಕುಳಿತು ತಿನ್ನುತ್ತಾಳೆ.